ಜೇಕು: ದೆಹಲಿ ಸೀಮೆಯ ಜೌಗುಗಳಲ್ಲಿ

ಜೇಕು ಎಂಬುದು ಸೈಪರೇಸಿ ಕುಟುಂಬದ ಸಸ್ಯಗಳಿಗೆ ಕನ್ನಡದಲ್ಲಿರುವ ಬಳಕೆಯ ಹೆಸರು. ನೋಟಕ್ಕೆ ಹುಲ್ಲು, ವಂಶ ಮಾತ್ರ ಬೇರೆ. ಪ್ರಪಂಚದಾದ್ಯಂತ ಐದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದ ಬಹುಪಾಲು ಸಸ್ಯಗಳಿಗೆ ಒದ್ದೆ ನೆಲವೇ ಬೇಕು: ಕೆರೆಯಂಚು, ನದಿಯ ತಗ್ಗು, ಭತ್ತದ ಗದ್ದೆ, ಚರಂಡಿಯ ಪಕ್ಕ. ಈ ಲೇಖನದ ವ್ಯಾಪ್ತಿ ದೆಹಲಿ ಮತ್ತು ಅದನ್ನು ಸುತ್ತುವರಿದ ರಾಷ್ಟ್ರ ರಾಜಧಾನಿ ವಲಯ. ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳ ಹಲವು ಜಿಲ್ಲೆಗಳು ಈ ವಲಯದಲ್ಲಿವೆ. 2013ರಲ್ಲಿ ಭರತಪುರ ಜಿಲ್ಲೆಯೂ ಸೇರಿದ್ದರಿಂದ ಕೇವಲಾದೇವ ಘನಾ ಪಕ್ಷಿಧಾಮವೂ ಇದರೊಳಗೆ ಬಂತು. ನಕಾಶೆ ಬರೆದವರು ಜೇಕನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಕ್ಕಿಲ್ಲ. ಆದರೂ ಈ ವಿಷಯಕ್ಕೆ ಅದರಿಂದ ಅನುಕೂಲವೇ ಆಗಿದೆ.

ಇಲ್ಲಿನ ಜೇಕುಗಳನ್ನು ಒಬ್ಬರು ಕಳೆಯೆಂದು ಕೀಳುತ್ತಾರೆ, ಇನ್ನೊಬ್ಬರು ಮದ್ದೆಂದು ತೂಗಿಸಿ ಕೊಳ್ಳುತ್ತಾರೆ, ಮತ್ತೊಬ್ಬರು ಸುಲಿದು ತಿನ್ನುತ್ತಾರೆ. ಎಂಜಿನಿಯರುಗಳು ಕೊಳಚೆ ನೀರು ತಿಳಿಗೊಳಿಸಲು ನೆಡುತ್ತಾರೆ. ಎಲ್ಲಿ ಯಾವ ಜೇಕು ಬರುತ್ತದೆ, ಅದು ಉಪಕಾರಿಯೋ ಉಪದ್ರವವೋ ಎಂಬುದನ್ನು ಮಣ್ಣಿಗಿಂತ ಹೆಚ್ಚಾಗಿ ನೀರು ತೀರ್ಮಾನಿಸುತ್ತದೆ: ಎಷ್ಟು ಆಳ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದು. ಆ ನೀರಿನ ತೂಬು ಇಂದು ಬಹುಮಟ್ಟಿಗೆ ಮನುಷ್ಯರ ಕೈಯಲ್ಲಿದೆ.

ಗುರುತು

ಬದುವಿನಲ್ಲಿ ಕಂಡ ಗಿಡ ಹುಲ್ಲೋ ಜೇಕೋ ಎಂದು ತಿಳಿಯಲು ಹೂಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿ ನೋಡಬೇಕು. ಹುಲ್ಲಿನದು ದುಂಡು ಕಾಂಡ. ಒಳಗೆ ಸಾಮಾನ್ಯವಾಗಿ ಟೊಳ್ಳು, ನಡುನಡುವೆ ಗೆಣ್ಣು. ಜೇಕಿನ ಕಾಂಡಕ್ಕೆ ಮೂರು ಏಣು, ಒಳಗೆ ಮೆದುವಾದ ತಿರುಳು, ಬುಡದಿಂದ ತುದಿಯವರೆಗೆ ಗೆಣ್ಣೇ ಇಲ್ಲ. ಬೆರಳ ನಡುವೆ ಅದು ಉರುಳುವುದಿಲ್ಲ, ತಡೆದು ತಡೆದು ತಿರುಗುತ್ತದೆ. ಎಲೆಗಳು ಮೂರು ಸಾಲಿನಲ್ಲಿ ಹೊರಡುತ್ತವೆ. ಎಲೆಯ ಬುಡದ ಒರೆ ಸೀಳಿರದೆ ಕಾಂಡವನ್ನು ಪೂರ್ತಿ ಸುತ್ತಿಕೊಂಡಿರುತ್ತದೆ. ಹೂವಿಗೆ ಬಣ್ಣದ ದಳಗಳಿಲ್ಲ. ಕಂದು ಅಥವಾ ಹಸಿರು ಬಣ್ಣದ ಕಿರುತೆನೆಗಳು ಕಾಂಡದ ತುದಿಯಲ್ಲಿ ಗುಂಪುಗೂಡಿ, ಅವುಗಳ ಕೆಳಗೆ ಎರಡು ಮೂರು ಉದ್ದನೆಯ ಎಲೆಗಳು ಚಾಚಿಕೊಂಡಿದ್ದರೆ ಅದು ಸೈಪರಸ್ ಕುಲದ್ದು ಎಂದು ಬಹುಪಾಲು ಹೇಳಬಹುದು.

ಈ ಲಕ್ಷಣಕ್ಕೆ ಒಗ್ಗದ ಜೇಕುಗಳೂ ಇವೆ. ಎಲಿಯೋಕ್ಯಾರಿಸ್ ಕುಲದವಕ್ಕೆ ದುಂಡು ಕಾಂಡ. ಎಲೆಯೇ ಇಲ್ಲವೆನ್ನುವಷ್ಟು ಕಡಿಮೆ, ಹಸಿರು ಕಾಂಡವೇ ಎಲೆಯ ಕೆಲಸ ಮಾಡುತ್ತದೆ. ದೆಹಲಿಯ ಜೌಗುಗಳಲ್ಲಿ ಮೊದಲು ಕಣ್ಣಿಗೆ ಬೀಳುವ, ಮೇಣದ ಬತ್ತಿಯ ಆಕಾರದ ಕಂದು ತೆನೆ ಹೊತ್ತ ಆಳೆತ್ತರದ ಗಿಡ ಜೇಕಲ್ಲ. ಅದು ಜಂಬು, ಸಸ್ಯಶಾಸ್ತ್ರದ ಟೈಫಾ; ಇಲ್ಲಿನವರು ಪಟೇರ ಎನ್ನುತ್ತಾರೆ. ಜೇಕಿನ ನೆರೆಯಲ್ಲೇ ಬೆಳೆದರೂ ಅದರದು ಬೇರೆ ಕುಟುಂಬ. ಪತ್ರಿಕೆಯ ಚಿತ್ರಗಳಡಿ ಇವೆರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ರೂಢಿಯಾಗಿಬಿಟ್ಟಿದೆ.

ನೆಲ, ನೀರು

ಯಮುನೆಯ ದಂಡೆಯ ಜನ ನೆಲವನ್ನು ಎರಡಾಗಿ ವಿಂಗಡಿಸುತ್ತಾರೆ: ಪ್ರವಾಹ ಮುಟ್ಟುವ ತಗ್ಗು ಖಾದರ್, ಮುಟ್ಟದ ಎತ್ತರ ಬಾಂಗರ್. ಜೇಕಿನ ತವರು ಖಾದರ್. ದೆಹಲಿಗೆ ವರ್ಷಕ್ಕೆ ಬೀಳುವ ಸುಮಾರು 700ರಿಂದ 800 ಮಿಲಿಮೀಟರ್ ಮಳೆಯ ಬಹುಪಾಲು ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗುತ್ತದೆ. ಆ ನೀರು ತಗ್ಗಿನಲ್ಲಿ ನಿಂತು, ಚಳಿಗಾಲದಲ್ಲಿ ಇಂಗಿ, ಮೇ ತಿಂಗಳಲ್ಲಿ ನೆಲ ಬಿರುಕು ಬಿಡುತ್ತದೆ. ಈ ಏರಿಳಿತಕ್ಕೆ ಜೇಕುಗಳು ಎರಡು ಬಗೆಯಲ್ಲಿ ಹೊಂದಿಕೊಂಡಿವೆ. ಸೈಪರಸ್ ಇರಿಯಾ, ಸೈಪರಸ್ ಡಿಫಾರ್ಮಿಸ್‌ನಂಥ ಒಂದೇ ಹಂಗಾಮಿನ ಗಿಡಗಳು ಮಳೆಗೆ ಹುಟ್ಟಿ, ಕೆಸರು ಒಣಗುವ ಮುನ್ನ ಲೆಕ್ಕವಿಲ್ಲದಷ್ಟು ಬೀಜ ಉದುರಿಸಿ ಸಾಯುತ್ತವೆ. ಬಹುವಾರ್ಷಿಕ ಗಿಡಗಳು ಮೇಲಿನ ಹಸಿರನ್ನು ಬಿಟ್ಟುಕೊಟ್ಟು ಗಡ್ಡೆಯಲ್ಲೋ ಬೇರುಕಾಂಡದಲ್ಲೋ ಪ್ರಾಣ ಹಿಡಿದುಕೊಂಡು ಮುಂದಿನ ಮಳೆಗೆ ಕಾಯುತ್ತವೆ.

1963ರಲ್ಲಿ ಪ್ರಕಟವಾದ ಜೆ. ಕೆ. ಮಹೇಶ್ವರಿಯವರ 'ದಿ ಫ್ಲೋರಾ ಆಫ್ ಡೆಲ್ಲಿ' ಇಲ್ಲಿನ ಸಸ್ಯಗಳ ಮುಖ್ಯ ಆಕರಗ್ರಂಥ. ಆ ಪುಸ್ತಕದ ಕಾಲದ ದೆಹಲಿಗೂ ಇಂದಿನದಕ್ಕೂ ನೀರಿನ ವಿಷಯದಲ್ಲಿ ತುಂಬ ವ್ಯತ್ಯಾಸ. ಸಾಹಿಬಿ ನದಿಯ ನೀರು ತುಂಬಿಕೊಳ್ಳುತ್ತಿದ್ದ ನಜಫ್‌ಗಢದ ವಿಶಾಲ ಝೀಲನ್ನು ಬಸಿಯಲು ತೋಡಿದ ಕಾಲುವೆ ಈಗ ನಗರದ ಅತಿ ದೊಡ್ಡ ಕೊಳಚೆ ನಾಲೆಯಾಗಿ ವಜೀರಾಬಾದಿನ ಕೆಳಗೆ ಯಮುನೆ ಸೇರುತ್ತದೆ. ಋತುವಿಗೆ ತಕ್ಕಂತೆ ಏರಿಳಿಯುತ್ತಿದ್ದ ನೀರಿನ ಜಾಗದಲ್ಲಿ ವರ್ಷವಿಡೀ ಒಂದೇ ಮಟ್ಟದಲ್ಲಿ ಹರಿಯುವ ಗೊಬ್ಬರದ ನೀರು ಬಂತು. ಇಂಥ ಕಡೆ ಜಂಬು ಮತ್ತು ನೀರು ಹಯಸಿಂತ್ ಗೆಲ್ಲುತ್ತವೆ, ಗಿಡ್ಡ ಜೇಕುಗಳು ಸೋಲುತ್ತವೆ. ಓಖ್ಲಾ ಬ್ಯಾರೇಜಿನ ಹಿನ್ನೀರಿನಲ್ಲಿ ಮೂಡಿ 1990ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಓಖ್ಲಾದಲ್ಲಿ ಕಣ್ಣು ಹಾಯಿಸಿದಷ್ಟೂ ಜಂಬು ಕಾಣುವುದು ಇದೇ ಕಾರಣಕ್ಕೆ. ಗುರುಗ್ರಾಮದ ಸುಲ್ತಾನ್‌ಪುರ, ಝಜ್ಜರ್‌ನ ಭಿಂಡಾವಾಸ್ (ಎರಡಕ್ಕೂ 2021ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗುಗಳಿಗೆ ಸಲ್ಲುವ ರಾಮ್ಸಾರ್ ಮಾನ್ಯತೆ ಸಿಕ್ಕಿತು), ಗ್ರೇಟರ್ ನೋಯ್ಡಾದಾಚೆಯ ಧನೌರಿ ಮುಂತಾದ ಆಳವಿಲ್ಲದ ನೀರಿನ ತಾಣಗಳು ಜೇಕಿಗೆ ಹೆಚ್ಚು ಹಿತ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಾರಿ ಬರುವ ಪಟ್ಟೆತಲೆ ಹೆಬ್ಬಾತುಗಳು ಉತ್ತರದಲ್ಲಿ ತಂಗುವುದೂ ಇಂಥ ನೀರಿನ ಅಂಚಿನಲ್ಲೇ.

ಮೋಥಾ

ದೆಹಲಿಯ ಹುಲ್ಲುಹಾಸುಗಳಲ್ಲಿ ಮೊದಲ ಎರಡು ಮಳೆ ಬಿದ್ದ ಮೇಲೆ ಗರಿಕೆಯನ್ನು ಸೀಳಿಕೊಂಡು ಎದ್ದು ನಿಲ್ಲುವ ಹೊಳಪು ಹಸಿರಿನ ಗಿಡ ಮೋಥಾ, ಸೈಪರಸ್ ರೊಟಂಡಸ್. ಕನ್ನಡ ನಾಡಿನ ರೈತರಿಗೆ ಇದು ಜೇಕಿನ ಗಡ್ಡೆ, ಕೊನ್ನಾರಿ, ತುಂಗೆ ಗಡ್ಡೆ ಎಂದೆಲ್ಲ ಪರಿಚಿತ, ಪಂಡಿತರಿಗೆ ಭದ್ರಮುಷ್ಟಿ. ಮಾಲಿ ಕುಕ್ಕರುಗಾಲಿನಲ್ಲಿ ಕುಳಿತು ಖುರ್ಪಿ ಎಂಬ ಕೈಗುದ್ದಲಿಯಿಂದ ಬುಡ ಕೆದಕಿ ಎಳೆಯುತ್ತಾನೆ. ಗಿಡ ಸಲೀಸಾಗಿ ಕೈಗೆ ಬರುತ್ತದೆ. ಅಷ್ಟು ಸಲೀಸಾಗಿ ಬಂದದ್ದೇ ಸೋಲಿನ ಗುರುತು. ಗಿಡ ಮತ್ತು ಗಡ್ಡೆಯ ನಡುವಿನ ತೆಳು ಎಳೆ ಮಣ್ಣಿನೊಳಗೇ ತುಂಡಾಗಿ ಗಡ್ಡೆ ಅಲ್ಲೇ ಉಳಿದಿರುತ್ತದೆ. ವಾರದೊಳಗೆ ಅದೇ ಜಾಗದಲ್ಲಿ ಹೊಸ ಗರಿ.

ಈ ಹಟಮಾರಿತನದ ಕಾರಣ ನೆಲದಡಿಯಲ್ಲಿದೆ. ಒಂದು ಗಡ್ಡೆಯಿಂದ ಬೇರುಕಾಂಡ ಹೊರಟು ಸ್ವಲ್ಪ ದೂರ ಸಾಗಿ ಮತ್ತೊಂದು ಗಡ್ಡೆಯಾಗುತ್ತದೆ, ಅದರಿಂದ ಇನ್ನೊಂದು. ಮೊದಮೊದಲು ಬಿಳಿಯಾಗಿ ರಸ ತುಂಬಿಕೊಂಡಿರುವ ಬೇರುಕಾಂಡ ಆಮೇಲೆ ಕಪ್ಪಾಗಿ, ತೆಳ್ಳಗೆ, ಗಡುಸಾಗುತ್ತದೆ. ಸಾಲಿನ ತುದಿಯ ಗಡ್ಡೆ ಚಿಗುರುತ್ತಿದ್ದರೆ ಹಿಂದಿನವು ನಿದ್ದೆಯಲ್ಲಿರುತ್ತವೆ. ನೇಗಿಲು ಹಾಯ್ದು ಸಾಲು ತುಂಡಾಯಿತೋ, ಮಲಗಿದ್ದವೆಲ್ಲ ಒಂದೊಂದಾಗಿ ಏಳುತ್ತವೆ. ಬೇಸಾಯಗಾರ ಕಳೆ ತೆಗೆಯಲೆಂದು ಉತ್ತದ್ದು ಕಳೆಯನ್ನೇ ನೆಟ್ಟ ಹಾಗಾಗುತ್ತದೆ. ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ 'ದಿ ವರ್ಲ್ಡ್ಸ್ ವರ್ಸ್ಟ್ ವೀಡ್ಸ್' ಪುಸ್ತಕದಲ್ಲಿ ಜಗತ್ತಿನ ಕಳೆಗಳ ಪೈಕಿ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೆ. 90ಕ್ಕೂ ಹೆಚ್ಚು ದೇಶಗಳಲ್ಲಿ, 52 ಬೆಳೆಗಳಲ್ಲಿ ಇದರ ಹಾವಳಿಯನ್ನು ಅವರು ದಾಖಲಿಸಿದರು.

ಆದರೂ ಇದಕ್ಕೆ ಎರಡು ಭಯಗಳಿವೆ. ಒಂದು, ಬಿಸಿಲು. ಹೆಚ್ಚಿನ ಗಡ್ಡೆಗಳು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇರುವುದರಿಂದ ಮೇ ತಿಂಗಳಲ್ಲಿ ಹೊಲ ಉತ್ತು ಮಗುಚಿ, ಲೂ ಎಂಬ ಬಿಸಿಗಾಳಿಗೆ ಒಡ್ಡಿದರೆ ಮೇಲೆ ಬಂದ ಗಡ್ಡೆಗಳು ಒಣಗಿ ಸಾಯುತ್ತವೆ. ಮಳೆಗಾಲದ ಉಳುಮೆ ಹರಡಿಸುವ ಕಳೆಯನ್ನು ಬೇಸಿಗೆಯ ಉಳುಮೆ ಕೊಲ್ಲುತ್ತದೆ. ಇನ್ನೊಂದು, ನಿಂತ ನೀರು. ಸದಾ ನೀರು ಕಟ್ಟಿದ ಭತ್ತದ ಗದ್ದೆಯಲ್ಲಿ ಮೋಥಾ ತಲೆ ಎತ್ತುವುದು ಕಷ್ಟ. ಕರ್ನಾಲ್, ಪಾಣಿಪತ್, ಸೋನಿಪತ್ ಕಡೆಯ ರೈತರು ನಾಟಿ ಭತ್ತದಲ್ಲಿ ಇದನ್ನು ಅಷ್ಟಾಗಿ ಲೆಕ್ಕಿಸದೆ ಇದ್ದದ್ದು ಹಾಗೆ. ಅಂತರ್ಜಲ ಪಾತಾಳಕ್ಕೆ ಇಳಿದ ಮೇಲೆ ಹರಿಯಾಣ ಸರಕಾರ ಕೆಸರು ಮಾಡದೆ, ನೀರು ಕಟ್ಟದೆ, ಒಣ ನೆಲದಲ್ಲೇ ಭತ್ತ ಬಿತ್ತುವ ಪದ್ಧತಿಗೆ ಪ್ರೋತ್ಸಾಹ ಕೊಡುತ್ತಿದೆ. ನೀರೇನೋ ಉಳಿಯುತ್ತದೆ, ನೀರಿನಡಿ ಅದುಮಿಟ್ಟಿದ್ದ ಜೇಕು ಎದ್ದು ಬರುತ್ತದೆ. ಮೀರತ್, ಬಾಗ್‌ಪತ್ ಸೀಮೆಯ ಕಬ್ಬಿನ ಹೊಲಗಳಿಗಂತೂ ಇದು ಹಳೆಯ ಪೀಡೆ. ಮೇಲಿನ ಸೊಪ್ಪನ್ನಷ್ಟೇ ಸುಡುವ ಔಷಧಿಗಳಿಗೆ ಜಗ್ಗದ ಕಾರಣ ಗಡ್ಡೆಯವರೆಗೂ ಇಳಿಯುವ ಹ್ಯಾಲೊಸಲ್ಫ್ಯೂರಾನ್ ಮಿಥೈಲನ್ನು ಅಲ್ಲಿ ಸಿಂಪಡಿಸುತ್ತಾರೆ.

ಇದೇ ಗಡ್ಡೆಗೆ ಹಳೆಯ ದೆಹಲಿಯ ಖಾರಿ ಬಾವೋಲಿಯಲ್ಲಿ ಬೆಲೆ ಇದೆ. ಆಯುರ್ವೇದದಲ್ಲಿ ಇದು ಮುಸ್ತಾ. ಜ್ವರ, ಅಜೀರ್ಣ, ಅತಿಸಾರಗಳ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಬರುವ ದ್ರವ್ಯ. ಜ್ವರ ಬಂದವರಿಗೆ ಕುಡಿಯಲು ಕೊಡುವ ಷಡಂಗ ಪಾನೀಯದ ಆರರಲ್ಲಿ ಒಂದು. ಅಂಗಡಿಗಳಲ್ಲಿ ನಾಗರಮೋಥಾ ಎಂಬ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಅದರ ನೆಂಟ ಸೈಪರಸ್ ಸ್ಕೇರಿಯೋಸಸ್, ಮಧ್ಯ ಭಾರತದ ತೊರೆಯಂಚುಗಳಿಂದ ಬರುವ ಸರಕು. ಮೇಲಿನ ನಾರು ಕೂದಲು ಸುಟ್ಟು ಉಜ್ಜಿದ ಕಪ್ಪು ತುಂಡುಗಳು ಗೋಣಿಚೀಲಗಳಲ್ಲಿ ಬಾಯಿ ತೆರೆದು ಕುಳಿತಿರುತ್ತವೆ. ಒಂದನ್ನು ಮುರಿದರೆ ಒಳಗೆ ತಿಳಿಗಂದು ಬಣ್ಣ. ಒದ್ದೆ ಮಣ್ಣು, ಹಳೆ ಮರ, ಚೂರು ಹೊಗೆ ಬೆರೆತ ವಾಸನೆ ಬೆರಳಿಗೆ ಅಂಟುತ್ತದೆ. ಭಟ್ಟಿ ಇಳಿಸಿ ತೆಗೆದ ಎಣ್ಣೆಗೆ ಸುಗಂಧದ ವ್ಯಾಪಾರದಲ್ಲಿ ಸಿಪ್ರಿಯೋಲ್ ಎಂದು ಹೆಸರು. ಅತ್ತರು, ಅಗರಬತ್ತಿ, ಹವನದ ಸಾಮಗ್ರಿ, ತಲೆಗೆ ಹಚ್ಚುವ ಲೇಪ ಎಲ್ಲಕ್ಕೂ ಸಲ್ಲುತ್ತದೆ. ದುಬಾರಿ ಊದ್ ಮರದ ಪರಿಮಳವನ್ನು ಅಗ್ಗದಲ್ಲಿ ಕಟ್ಟಿಕೊಡಲು ಸುಗಂಧಗಾರರು ಇದನ್ನು ಧಾರಾಳವಾಗಿ ಬಳಸುತ್ತಾರೆ. ಮೋಥಾ ಗಡ್ಡೆಯ ರಾಸಾಯನಿಕಗಳಲ್ಲಿ ರೊಟಂಡೋನ್ ಎಂಬುದೊಂದಿದೆ, ಗಿಡದ ಹೆಸರನ್ನೇ ಹೊತ್ತದ್ದು. ಕಾಳುಮೆಣಸಿನ ಘಾಟು ಪರಿಮಳದ ಮುಖ್ಯ ಪಾಲುದಾರನೂ ಅದೇ ಎಂದು ಆಸ್ಟ್ರೇಲಿಯಾದ ದ್ರಾಕ್ಷಾರಸ ಸಂಶೋಧಕರು 2008ರಲ್ಲಿ ತೋರಿಸಿದರು. ಮಲೆನಾಡಿನ ಮೆಣಸಿನ ಬಳ್ಳಿಗೂ ದೆಹಲಿಯ ಚರಂಡಿಯಂಚಿನ ಕಳೆಗೂ ಹೀಗೊಂದು ಒಳಸಂಬಂಧ.

ಮುಸ್ತೆಯ ಗಡ್ಡೆಗೆ ಮನುಷ್ಯರಿಗಿಂತ ಮೊದಲು ಮುಗಿಬಿದ್ದವು ಕಾಡುಹಂದಿಗಳು. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತ ಬೇಟೆ ನಿಲ್ಲಿಸಿದಾಗ, ಹಂದಿಗಳು ಇನ್ನು ಹೊಂಡಗಳಲ್ಲಿ ನಿರ್ಭಯವಾಗಿ ಮುಸ್ತೆ ಕೆದಕಿಕೊಳ್ಳಲಿ ಎಂಬ ಮಾತು ಬರುತ್ತದೆ. ನಾಟಕದಲ್ಲಿ ಅವನ ರಾಜಧಾನಿ ಹಸ್ತಿನಾಪುರ. ಆ ಹೆಸರಿನ ಊರು ಇಂದು ಮೀರತ್ ಜಿಲ್ಲೆಯಲ್ಲಿದೆ. ಗಂಗೆಯ ಖಾದರದಲ್ಲಿ 1986ರಿಂದ ಅದೇ ಹೆಸರಿನ ಅಭಯಾರಣ್ಯವೂ ಇದೆ. ಅಲ್ಲಿನ ಜೌಗಿನಲ್ಲಿ ಹಂದಿಗಳ ಈ ಉದ್ಯೋಗ ನಿಂತಿಲ್ಲ.

ಕಸೇರು

ತಿನ್ನುವ ಜೇಕಿನ ಗಡ್ಡೆಗೆ ಉತ್ತರ ಭಾರತದಲ್ಲಿ ಕಸೇರು ಎನ್ನುತ್ತಾರೆ. ಆಳೆತ್ತರ ಬೆಳೆಯುವ, ದಪ್ಪ ಮೂರೇಣಿನ ಕಾಂಡದ ಈ ಗಿಡದ ಇಂದಿನ ಶಾಸ್ತ್ರೀಯ ಹೆಸರು ಆಕ್ಟಿನೋಸ್ಕಿರ್ಪಸ್ ಗ್ರೋಸಸ್. ಕಲ್ಕತ್ತೆಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರ್ಗ್ ಇದರ ಒಂದು ಬಗೆಗೆ ಜನರ ಬಾಯಿಂದಲೇ ಹೆಸರೆತ್ತಿ ಸ್ಕಿರ್ಪಸ್ ಕೈಸೂರ್ ಎಂದು ಕರೆದಿದ್ದ. ದೆಹಲಿಯಲ್ಲಿ ತಳ್ಳುಗಾಡಿಯವರು ಕಪ್ಪು ಸಿಪ್ಪೆಯ, ನಾರು ಹೊದ್ದ ಗಡ್ಡೆಗಳನ್ನು ಗುಡ್ಡೆ ಹಾಕಿ ನೀರು ಚಿಮುಕಿಸುತ್ತ ಮಾರುತ್ತಾರೆ. ಸಿಪ್ಪೆ ಹೆರೆದರೆ ಅಚ್ಚ ಬಿಳುಪು. ಕಚ್ಚಿದರೆ ಕರಕರ, ತುಸು ಸಿಹಿ, ಹಸಿ ತೆಂಗಿನ ನೆನಪು ತರುವ ರುಚಿ. ಹಳೆಯ ತಲೆಮಾರಿಗೆ ಇದು ಶಾಲೆಯ ಬಾಗಿಲಲ್ಲಿ ಸಿಗುತ್ತಿದ್ದ ತಿಂಡಿ. ಮಾಲ್‌ಗಳ ತರಕಾರಿ ಅಂಗಡಿಗೆ ಇದು ಏರಿಲ್ಲ. ಕೊಳಕು ಕಪ್ಪು ಸಿಪ್ಪೆಯೇ ಅಡ್ಡಬಂತೆಂದು ತೋರುತ್ತದೆ.

ಕಸೇರು ಮತ್ತು ಸಿಂಘಾಡಾಗಳನ್ನು ಒಂದೇ ಎಂದುಕೊಳ್ಳುವವರಿದ್ದಾರೆ. ಸಿಂಘಾಡಾ ನೀರಿನ ಮೇಲೆ ತೇಲುವ ಟ್ರಾಪಾ ಗಿಡದ ಕೊಂಬುಳ್ಳ ಕಾಯಿ. ಉಪವಾಸದ ದಿನ ಅದರ ಹಿಟ್ಟಿನ ಪೂರಿ ಮಾಡುವುದು ರೂಢಿ. ಕಸೇರು ಕೆಸರಿನೊಳಗಿನ ಗಡ್ಡೆ. ಗೊಂದಲ ಸಾಲದೆಂಬಂತೆ ಚೀನೀ ಅಡುಗೆಯ ಡಬ್ಬಿಗಳಲ್ಲಿ 'ವಾಟರ್ ಚೆಸ್ಟ್‌ನಟ್' ಎಂದು ಬರುವುದು ಮೂರನೆಯದು: ಎಲಿಯೋಕ್ಯಾರಿಸ್ ಡಲ್ಸಿಸ್, ಅದೂ ಜೇಕೇ. ಬೇಯಿಸಿದರೂ ಕರಕರ ಎನ್ನುವುದನ್ನು ಬಿಡದ ಗುಣದಿಂದ ಅದು ಜಗತ್ತಿನ ಅಡುಗೆಮನೆಗಳನ್ನು ಹೊಕ್ಕಿತು. ಧನೌರಿ ಕಡೆಯ ಸಾರಸ ಜೋಡಿಗಳು ಉದ್ದ ಕೊಕ್ಕಿನಿಂದ ಕೆಸರು ಬಗೆದು ಹುಡುಕುವ ಆಹಾರದಲ್ಲೂ ಇದೇ ಕುಲದ ಗಡ್ಡೆಗಳಿವೆ.

ದೆಹಲಿಯ ಮನೆಯಂಗಳದಲ್ಲಿ ಎಲಿಯೋಕ್ಯಾರಿಸ್ ಬೆಳೆಯುವುದು ಅಸಾಧ್ಯವೇನಲ್ಲ. ಅದಕ್ಕೆ ಇಬ್ಬನಿ ಹೆಪ್ಪುಗಟ್ಟದ ಏಳು ತಿಂಗಳು ಬೇಕು. ಇಲ್ಲಿ ಮಾರ್ಚ್ ಕೊನೆಯಿಂದ ನವೆಂಬರ್‌ವರೆಗೆ ಅಷ್ಟು ಸಿಗುತ್ತದೆ. ಅಗಲ ತೊಟ್ಟಿಗೆ ಒಂದಡಿ ಎರೆಮಣ್ಣು ಮತ್ತು ಹಳೆ ಗೊಬ್ಬರ ತುಂಬಿ, ಮೊಳಕೆ ಮೇಲಾಗಿ ಗಡ್ಡೆ ಊರಿ, ಮೊದಲು ಮಣ್ಣನ್ನು ಒದ್ದೆಯಾಗಿ ಮಾತ್ರ ಇಡಬೇಕು. ಚಿಗುರು ಗೇಣುದ್ದ ಆದ ಮೇಲೆ 5ರಿಂದ 10 ಸೆಂಟಿಮೀಟರ್ ನೀರು ನಿಲ್ಲಿಸಬೇಕು. ಜೂನ್ ಬಿಸಿಲಿಗೆ ಈ ನೀರು ದಿನದಿನಕ್ಕೆ ಆರುವುದರಿಂದ ತುಂಬಿಸುವ ಕೆಲಸ ತಪ್ಪದು. ಗಡ್ಡೆ ಕಟ್ಟುವುದು ಹಗಲು ಚಿಕ್ಕದಾಗುತ್ತ ಬಂದ ಮೇಲೆ. ಕಾಂಡ ಹಳದಿಯಾಗಿ ಮಲಗಿದಾಗ ನೀರು ಬಸಿದು, ಕೆಸರಿನಲ್ಲಿ ಕೈಯಾಡಿಸಿ ತೆಗೆಯಬೇಕು. ಗುದ್ದಲಿ ತಾಗಿದ ಗಡ್ಡೆ ಬೇಗ ಕೊಳೆಯುತ್ತದೆ. ಎಲ್ಲಿಯದೋ ಕೆರೆಯ ಗಡ್ಡೆಯನ್ನು ಹಲ್ಲಿನಿಂದಲೇ ಸುಲಿದು ತಿನ್ನುವ ಅಭ್ಯಾಸ ಒಳ್ಳೆಯದಲ್ಲ. ನೀರಿನ ಗಿಡಗಳ ಸಿಪ್ಪೆಗೆ ಕರುಳಿನ ಚಪ್ಪಟೆಹುಳುವಿನ ಮರಿಗಳು ಅಂಟಿಕೊಂಡಿರಬಹುದು. ಚಾಕುವಿನಿಂದ ಹೆರೆದು, ತೊಳೆದು, ಕುದಿಸಿ ತಿಂದರೆ ಚಿಂತೆಯಿಲ್ಲ.

ಚಾಪೆಯ ವಿಷಯಕ್ಕೆ ಬಂದರೆ ದೆಹಲಿ ಸೀಮೆ ಬಡವು. ತಮಿಳುನಾಡಿನ ಪತ್ತಮಡೈನ ಕೋರೆ ಚಾಪೆ, ಬಂಗಾಳದ ಮೇದಿನಿಪುರದ ಮಾದುರ್ ಎರಡೂ ಸೈಪರಸ್ ಕಾಂಡದಿಂದ ಆದವು, ಎರಡಕ್ಕೂ ಭೌಗೋಳಿಕ ಸೂಚಕ ಸಿಕ್ಕಿದೆ. ಅವು ದೆಹಲಿ ಹಾಟ್‌ನಂಥ ಕಡೆ ಮಾರಾಟಕ್ಕೆ ಬರುತ್ತವೆ. ಇಲ್ಲಿನವರೇ ಹೆಣೆಯುವುದು ಜಂಬಿನ ಎಲೆ ಅಥವಾ ಸರಕಂಡಾ ಹುಲ್ಲಿನಿಂದ. ಗುರುಗ್ರಾಮದ ಫರೂಖ್‌ನಗರದ ಮೂಢಾ ಪೀಠಗಳು ಸರಕಂಡಾದ್ದು, ಜೇಕಿನದಲ್ಲ.

ಕೊಳಚೆ ನೀರಿನಲ್ಲಿ

ಗಿಡ ನೆಟ್ಟು ಹೊಲಸು ನೀರು ತಿಳಿಗೊಳಿಸುವ ವಿದ್ಯೆಯ ಮೊದಲ ಪ್ರಯೋಗ ನಡೆದದ್ದೇ ಒಂದು ಜೇಕಿನ ಮೇಲೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕೇಟೆ ಜೈಡೆಲ್ 1950ರ ದಶಕದಲ್ಲಿ ಸ್ಕೀನೋಪ್ಲೆಕ್ಟಸ್ ಲಕಸ್ಟ್ರಿಸ್ ಎಂಬ ಕೆರೆಯ ಜೇಕನ್ನು ಫಿನಾಲ್ ಬೆರೆತ ನೀರಿನಲ್ಲಿ ಬೆಳೆಸಿ, ನೀರು ಶುದ್ಧವಾಗುವುದನ್ನು ತೋರಿಸಿದರು. ಜೌಗಿನ ಗಿಡಗಳ ಕಾಂಡ, ಬೇರುಗಳಲ್ಲಿ ಗಾಳಿಯ ಕೊಳವೆಗಳಿರುತ್ತವೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನ ತುದಿಯಲ್ಲಿ ಸ್ವಲ್ಪ ಸೋರುತ್ತದೆ. ಆ ಅಂಚಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಹೊಲಸನ್ನು ಒಡೆಯುತ್ತವೆ, ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಸ್ವಲ್ಪ ಆಚೆ, ಗಾಳಿಯಿಲ್ಲದ ಜಾಗದ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕವಾಗಿ ಗಾಳಿಗೆ ಬಿಡುತ್ತವೆ. ಗಿಡ ತಾನಾಗಿ ಹೀರುವುದು ಸಣ್ಣ ಪಾಲು. ಕೆಲಸದ ಹೆಚ್ಚಿನ ಭಾಗ ಬೇರಿಗೆ ಅಂಟಿದ ಕಣ್ಣಿಗೆ ಕಾಣದ ಜೀವಿಗಳದು.

ದೆಹಲಿಯಲ್ಲಿ ಇದರ ದೊಡ್ಡ ಮಾದರಿ ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು. ಪಕ್ಕದ ಕೃಷಿ ಕುಂಜ್ ಬಡಾವಣೆಯ ಕೊಳಚೆ ನೀರನ್ನು ದಿನಕ್ಕೆ 22 ಲಕ್ಷ ಲೀಟರಿನಷ್ಟು ಶುದ್ಧಗೊಳಿಸಿ ಹೊಲಗಳಿಗೆ ಬಿಡುವ ಈ ಘಟಕ 2012ರಿಂದ ಇದೆ. ಅಲ್ಲಿ ದುಡಿಯುವ ಮುಖ್ಯ ಗಿಡ ಜಂಬು. ದಕ್ಷಿಣ ದೆಹಲಿಯ ನೀಲಾ ಹೌಜ್‌ನಲ್ಲಿ ಕೆರೆಗೆ ನುಗ್ಗುತ್ತಿದ್ದ ಚರಂಡಿಯನ್ನು ಕಲ್ಲುಹಾಸು ಮತ್ತು ಜೌಗಿನ ಗಿಡಗಳ ಮೂಲಕ ಹಾಯಿಸಿ ಕೆರೆಯನ್ನು ಉಳಿಸಿಕೊಂಡರು. ಬೆಂಗಳೂರಿನ ಜಕ್ಕೂರು ಕೆರೆಯ ತಲೆಯಲ್ಲಿರುವ ಜೌಗೂ ಇದೇ ಜಾತಿಯದು.

ಸಣ್ಣ ಪ್ರಮಾಣದಲ್ಲಿ, ಅಪಾರ್ಟ್‌ಮೆಂಟಿನ ಹಿತ್ತಲಲ್ಲೋ ಶಾಲೆಯ ಕೈತೊಳೆಯುವ ನೀರಿಗೋ, ಸೈಪರಸ್ ಆಲ್ಟರ್ನಿಫೋಲಿಯಸ್ ಒಳ್ಳೆಯ ಆಯ್ಕೆ. ಮಡಗಾಸ್ಕರ್ ಕಡೆಯಿಂದ ಬಂದ ಈ ಜೇಕನ್ನು ನರ್ಸರಿಗಳಲ್ಲಿ ಅಂಬ್ರೆಲಾ ಪಾಮ್ ಎಂದು ಮಾರುತ್ತಾರೆ, ಪಾಮ್ ಜಾತಿಗೂ ಇದಕ್ಕೂ ಏನೂ ಸಂಬಂಧವಿಲ್ಲದಿದ್ದರೂ. ಒಂದು ಗಿಡ ತಂದರೆ ಮತ್ತೆ ಕೊಳ್ಳಬೇಕಿಲ್ಲ. ಬಲಿತ ಕಾಂಡದ ತಲೆಯನ್ನು ಎರಡಂಗುಲ ತೊಟ್ಟಿನ ಸಮೇತ ಕತ್ತರಿಸಿ, ವೃತ್ತಾಕಾರವಾಗಿ ಹರಡಿದ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ತೊಟ್ಟು ಮೇಲಾಗಿ ತಲೆಕೆಳಗೆ ನೀರಿನ ಬಟ್ಟಲಲ್ಲಿ ತೇಲಿಬಿಡಬೇಕು. ಬಿಸಿಲು ಪೂರ್ತಿ ಬೀಳದ ಕಿಟಕಿಯಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಎಲೆಗಳ ಸಂದಿಯಿಂದ ಬಿಳಿ ಬೇರು ಕೆಳಗೂ ಹಸಿರು ಸುಳಿ ಮೇಲಕ್ಕೂ ಹೊರಡುತ್ತವೆ. ಆಮೇಲೆ ಜಲ್ಲಿಯ ತೊಟ್ಟಿಗೆ ನೆಡಬಹುದು. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಕೆಳಗೇ ಇರಬೇಕು. ಮೇಲೆ ಬಂದರೆ ಸೊಳ್ಳೆಗೆ ಹಬ್ಬ. ಡಿಸೆಂಬರ್, ಜನವರಿಯ ಚಳಿಗೆ ಎಲೆ ತುದಿಗಳು ಒಣಗುತ್ತವೆ, ಶುದ್ಧೀಕರಣವೂ ನಿಧಾನವಾಗುತ್ತದೆ. ಫೆಬ್ರವರಿಯಲ್ಲಿ ಒಣ ಕಾಂಡಗಳನ್ನು ಕತ್ತರಿಸಿ ಹೊರಹಾಕದಿದ್ದರೆ ಗಿಡ ಹೀರಿದ್ದೆಲ್ಲ ಕೊಳೆತು ಮತ್ತೆ ನೀರಿಗೇ ಸೇರುತ್ತದೆ. ಹೊಸದಾಗಿ ಉದ್ಘಾಟನೆಯಾದ ಎಷ್ಟೋ ಹಸಿರು ಘಟಕಗಳು ಕೆಡುವುದು ಈ ಸರಳ ಕೆಲಸಕ್ಕೆ ಆಳು ಗೊತ್ತುಮಾಡದೆ ಇರುವುದರಿಂದ.

ಇಂಥ ತೊಟ್ಟಿಯ ಅಥವಾ ಯಮುನೆಯಂಚಿನ ಜೇಕಿನ ಗಡ್ಡೆಯನ್ನು ಮದ್ದಿಗೋ ಆಹಾರಕ್ಕೋ ಬಳಸಕೂಡದು. ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಬೇರಿನಲ್ಲಿ ಸೇರಿಸಿಟ್ಟುಕೊಳ್ಳುವುದು ಈ ಗಿಡಗಳ ಸ್ವಭಾವ. ನೀರು ತೊಳೆಯಲು ಅವು ಬೇಕಾಗಿರುವುದಕ್ಕೂ ತಿನ್ನಲು ಬೇಡವಾಗುವುದಕ್ಕೂ ಕಾರಣ ಒಂದೇ.

ಕೇವಲಾದೇವ ಘನಾ

ಭರತಪುರದ ಈ ಜೌಗು ಪೂರ್ತಿ ಪ್ರಕೃತಿಯ ಸೃಷ್ಟಿಯಲ್ಲ. ಹದಿನೆಂಟನೆಯ ಶತಮಾನದಲ್ಲಿ ಮಹಾರಾಜ ಸೂರಜ್‌ಮಲ್‌ನ ಕಾಲದಲ್ಲಿ ಕಟ್ಟಿದ ಅಜಾನ್ ಬಂಧ್‌ನಿಂದ ನೀರು ಹಾಯಿಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅರಸರು ಬಾತುಕೋಳಿ ಬೇಟೆಗೆಂದು ಏರಿ, ತೂಬುಗಳನ್ನು ಹಾಕಿ ರೂಪಿಸಿದ ತಾಣ ಇದು. 1938ರಲ್ಲಿ ವೈಸರಾಯ್ ಲಿನ್ಲಿತ್‌ಗೋ ಬಂದಾಗ ಒಂದೇ ದಿನ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಹೊಡೆದುರುಳಿಸಿದ ಲೆಕ್ಕ ಅಲ್ಲಿನ ಕಲ್ಲಿನ ಮೇಲಿದೆ. ಸುಮಾರು 29 ಚದರ ಕಿಲೋಮೀಟರಿನ ಇದು 1981ರಲ್ಲಿ ರಾಮ್ಸಾರ್ ತಾಣವಾಯಿತು, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದ ಅಚ್ಚ ಬಿಳುಪಿನ ಸೈಬೀರಿಯನ್ ಕ್ರೌಂಚಗಳು ಜೇಕನ್ನು ನಂಬಿ ಬದುಕಿದ್ದವು. ಅಂತರರಾಷ್ಟ್ರೀಯ ಕ್ರೇನ್ ಪ್ರತಿಷ್ಠಾನದ ಸ್ಥಾಪಕರಲ್ಲೊಬ್ಬರಾದ ರಾನ್ ಸಾವಿ 1970ರ ದಶಕದಲ್ಲಿ ಭರತಪುರದಲ್ಲಿ ಕುಳಿತು ಅವುಗಳ ದಿನಚರಿ ಬರೆದಿಟ್ಟರು. ಮೊಣಕಾಲುದ್ದ ನೀರಿನಲ್ಲಿ ನಿಂತು, ತಲೆ ಪೂರ್ತಿ ಮುಳುಗಿಸಿ, ಕೆಸರಿನೊಳಗಿಂದ ಅವು ಎತ್ತುತ್ತಿದ್ದದ್ದು ಸೈಪರಸ್ ರೊಟಂಡಸ್ ಗಡ್ಡೆ, ಅಂದರೆ ಮಾಲಿಯ ಖುರ್ಪಿಗೆ ಸಿಗದ ಅದೇ ಮೋಥಾ. ಬೇಸಿಗೆಯಲ್ಲಿ ಒಣಗಿದ ನೆಲದಲ್ಲಿ ಬಲಿತ ಗಡ್ಡೆ ಮಳೆ ನೀರಿನಡಿ ಮೆತ್ತಗಾಗಿ ನವೆಂಬರ್ ಹೊತ್ತಿಗೆ ಹಕ್ಕಿಗೆ ಎಟುಕಬೇಕು. ನೀರು ತೀರ ಆಳವಾದರೆ ಕೊಕ್ಕು ಮುಟ್ಟದು, ಬತ್ತಿದರೆ ಕೆಸರು ಗಟ್ಟಿಯಾಗಿ ಕೊಕ್ಕು ಇಳಿಯದು.

1982ರಲ್ಲಿ ರಾಷ್ಟ್ರೀಯ ಉದ್ಯಾನವಾಗುತ್ತಿದ್ದಂತೆ ಒಳಗೆ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರ ಗುಂಡಿಗೆ ಹಲವರು ಸತ್ತರು. ಹಕ್ಕಿಗಳಿಗೆ ಒಳ್ಳೆಯದಾಗಲೆಂದು ಮಾಡಿದ ಈ ನಿಷೇಧದ ಫಲ ಬೇರೆಯೇ ಆಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿ. ಎಸ್. ವಿಜಯನ್ ಮತ್ತು ಸಂಗಡಿಗರು 1980ರಿಂದ 1990ರವರೆಗೆ ಅಲ್ಲೇ ನಡೆಸಿದ ಅಧ್ಯಯನ ತೋರಿಸಿದ್ದು ಇಷ್ಟು: ಎಮ್ಮೆಗಳು ನೀರಿಗಿಳಿದು ಮೇಯುತ್ತಿದ್ದ ಪಾಸ್ಪಾಲಮ್ ಹುಲ್ಲು ಅಡೆತಡೆಯಿಲ್ಲದೆ ಹಬ್ಬಿ, ತೆರೆದ ನೀರನ್ನು ಮುಚ್ಚಿತು, ಅದರ ದಟ್ಟ ಹಾಸಿನಡಿ ಜೇಕಿನ ಗಡ್ಡೆ ಹಕ್ಕಿಗೆ ನಿಲುಕದಾಯಿತು. ಎಮ್ಮೆಯೂ ಈ ಜೌಗಿನ ಕೆಲಸಗಾರರಲ್ಲಿ ಒಂದೆಂದು ಹಳ್ಳಿಗರು ಹೇಳುತ್ತಿದ್ದ ಮಾತಿಗೆ ಅಂಕಿಅಂಶದ ಬೆಂಬಲ ಸಿಕ್ಕಿತು, ತಡವಾಗಿ. ಆಮೇಲೆ ಹುಲ್ಲನ್ನು ಕೈಯಿಂದ ಕೊಯ್ದುಕೊಂಡು ಹೋಗಲು ಹಳ್ಳಿಗರಿಗೆ ಅವಕಾಶ ಕೊಡಲಾಯಿತು. ಕ್ರೌಂಚಗಳು ಇಲ್ಲವಾದದ್ದಕ್ಕೆ ಇದೊಂದೇ ಕಾರಣ ಎನ್ನುವುದು ಅತಿಯಾದೀತು. ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮೇಲಿನ ಹಾರುದಾರಿಯಲ್ಲಿ ಅವು ಬೇಟೆಗೆ ಬಲಿಯಾದವು. 1960ರ ದಶಕದಲ್ಲಿ ಇನ್ನೂರರಷ್ಟಿದ್ದವು. 2001–02ರ ಚಳಿಗಾಲದಲ್ಲಿ ಬಂದದ್ದು ಒಂದೇ ಜೋಡಿ, ಅದೇ ಕೊನೆ.

ಅದಾದ ಸ್ವಲ್ಪದರಲ್ಲೇ ನೀರು ಬರುವುದೂ ನಿಂತಿತು. ಅಜಾನ್ ಬಂಧ್ ತುಂಬುತ್ತಿದ್ದ ಗಂಭೀರ್ ನದಿಗೆ ಮೇಲ್ಗಡೆ ಕರೌಲಿಯಲ್ಲಿ ಪಾಂಚನಾ ಅಣೆಕಟ್ಟು ಎದ್ದ ಮೇಲೆ, ಅಲ್ಲಿನ ರೈತರು ಹಕ್ಕಿಗಳಿಗೆ ನೀರು ಬಿಡಲು ಒಪ್ಪಲಿಲ್ಲ. ಉದ್ಯಾನದ ಒಣಗಿದ ಜೌಗಿನಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಅದನ್ನು ಬೇರುಸಹಿತ ಕೀಳಿಸಿ ಕಟ್ಟಿಗೆಯನ್ನು ಕಿತ್ತವರಿಗೇ ಕೊಡುವ ಏರ್ಪಾಡು ಹಳ್ಳಿಗರಿಗೂ ಉದ್ಯಾನಕ್ಕೂ ಒಗ್ಗಿತು. ಉದ್ಯಾನಕ್ಕೆ ವರ್ಷಕ್ಕೆ ಬೇಕಾದ ನೀರು ಸುಮಾರು 55 ಕೋಟಿ ಘನ ಅಡಿ. ಈಗ ಅದರ ಒಂದು ಪಾಲು ಚಂಬಲ್‌ನ ಕೊಳವೆಯಲ್ಲಿ, ಇನ್ನೊಂದು ಪಾಲು ಮಥುರಾ ಕಡೆಯ ಮಳೆನೀರು ಹೊರುವ ಗೋವರ್ಧನ್ ನಾಲೆಯಲ್ಲಿ ಬರುತ್ತದೆ. ಹಳೆಯ ನದಿಯ ನೀರಿನೊಡನೆ ಮೀನಿನ ಮರಿ, ಗಿಡಗಳ ಬೀಜ, ಗಡ್ಡೆ ತುಂಡು ಎಲ್ಲ ತೇಲಿಕೊಂಡು ಬರುತ್ತಿದ್ದವು. ಕೊಳವೆಯಲ್ಲಿ ಬರುವುದು ಬರೀ ನೀರು.